ಹರವಿಗೆ ಹೇಳಿದ ಪ್ರೋಗ್ರಾಮು

ನಮ್ಮ ಆಫೀಸಿನ ಮೂಲೆಯಲ್ಲಿದ್ದ ನೀರಿನ ಹರವಿಗೆ ಕಂಪ್ಯೂಟರ್ ಪ್ರೋಗ್ರಾಮು ತಿಳಿಯುತ್ತಿತ್ತು ಎಂದರೆ ನೀವು ನಗುತ್ತೀರಿ. ನಾನೂ ನಕ್ಕವನೇ. ಆದರೆ ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಮ್ಮಲ್ಲಿಗೆ ಬಂದುಹೋದವರೆಲ್ಲ ಆ ನೋಟವನ್ನು ಕಂಡಿದ್ದಾರೆ. ಐವತ್ತು ದಾಟಿದ ಹೆಂಗಸೊಬ್ಬರು ಹರವಿಯ ಮುಂದೆ ಸ್ಟೂಲು ಎಳೆದುಕೊಂಡು ಕೂತು, ಕೈ ಆಡಿಸುತ್ತ ಅದಕ್ಕೆ ಪಾಠ ಹೇಳುತ್ತಿದ್ದರು. "ನೋಡು, ಮೊದಲ ಹೊಲದ ನಂಬರ್ ತಗೋಬೇಕು. ಆಮ್ಯಾಲ ಎಷ್ಟು ತಾಸು ನೀರು ಅಂತ ತಗೀಬೇಕು. ಆಮ್ಯಾಲ ಎಷ್ಟು ಎಕರೆ ಅಂತ..." ಅಲ್ಲಿಗೆ ಮಾತು ನಿಲ್ಲುತ್ತಿತ್ತು. ಹಣೆ ಬಡಿದುಕೊಂಡು, "ಅಯ್ಯ ನನ್ನ ಬುದ್ಧಿಗಿಷ್ಟು! ಎಕರೆ ಕೇಳೂಕಿಂತ ಮೊದಲ ತಾಸು ತಗದೀನಲ್ಲ!" ಎನ್ನುತ್ತ ಎದ್ದು ಕಂಪ್ಯೂಟರಿನತ್ತ ಓಡುತ್ತಿದ್ದರು. ಹೋಗುವಾಗ ಹರವಿಯ ಮುಚ್ಚಳವನ್ನು ಒಮ್ಮೆ ತಟ್ಟಿ ಹೋಗುವುದು ಅವರ ರೂಢಿ.

ಅವರೇ ನಮ್ಮ ಅಕ್ಕೋರು. ಹೆಸರು ಹೇಳುವುದಿಲ್ಲ, ಹೇಳಿದರೂ ಆ ಹೆಸರಿನಿಂದ ಅವರನ್ನು ಗುರುತಿಸುವವರು ಆಗಲೇ ಕಡಿಮೆ ಇದ್ದರು. ಊರು ಅಳವಂಡಿ. ಸರ್ಕಾರಿ ನೌಕರಿಗೆ ಬರುವ ಮೊದಲು ಕೊಪ್ಪಳದಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಸುತ್ತಮುತ್ತಲಿನ ಅರ್ಧ ಗುಮಾಸ್ತರು ಅವರ ಕೈಕೆಳಗೆ ಬೆರಳು ಪಳಗಿಸಿಕೊಂಡವರೇ ಆದ್ದರಿಂದ, ಅವರು ಟೈಪಿಸ್ಟ್ ಆಗಿ ಬಂದು ಕೂತಾಗ ಆ ಹೆಸರೂ ಅವರ ಹಿಂದೆಯೇ ಬಂತು. ನಮ್ಮ ಸಾಹೇಬರೂ ಅವರನ್ನು ಅಕ್ಕೋರ ಎಂದೇ ಕರೆಯುತ್ತಿದ್ದರು.

ಆಫೀಸು ಯಾವುದೆಂದು ಕೇಳಬೇಡಿ. ಮುನಿರಾಬಾದಿಗೂ ಗಂಗಾವತಿಗೂ ನಡುವೆ ಎಲ್ಲೋ ಒಂದು ಕಡೆ, ಒಂದು ಕಾಲುವೆಯ ನೀರು ಹಂಚುವುದಷ್ಟೇ ಅದರ ಕೆಲಸ. ಅಂಥ ಪುಟ್ಟ ಆಫೀಸಿಗೆ, ಪ್ರಯೋಗ ಮಾಡಿ ನೋಡಿ ಎಂದು, ಮೇಲಿನವರು ಒಂದು ಕಂಪ್ಯೂಟರ್ ಕಳಿಸಿದರು. ಅದನ್ನು ಕಲಿಯಲು ಬೆಂಗಳೂರಿಗೆ ಒಬ್ಬರು ಹೋಗಬೇಕು ಎಂದು ಸಾಹೇಬರು ಹೇಳಿದ್ದೇ ತಡ, ಒಬ್ಬನ ಹೆಂಡತಿಗೆ ದಿನ ತುಂಬಿತು, ಇನ್ನೊಬ್ಬನ ಎತ್ತಿಗೆ ಕಾಲುಬೇನೆ ಬಂತು, ನನಗೆ ಹೊಟ್ಟೆನೋವು. ಅಕ್ಕೋರು ಮಾತ್ರ ಟೈಪ್‌ರೈಟರಿನಿಂದ ತಲೆ ಎತ್ತಿ, "ಕೀಲಿ ಒತ್ತೂ ಹಲಗಿ ಐತೇನ್ರಿ ಅದಕ್ಕ?" ಎಂದು ಕೇಳಿದರು. ಐತಿ ಎಂದರು ಸಾಹೇಬರು. "ಹಂಗಾದ್ರ ನಾ ಹೋಗ್ತೀನ್ರಿ. ಉಳದದ್ದು ಅಲ್ಲಿ ಹೋದ ಮ್ಯಾಲ ನೋಡೂಣು."

ಹೋಗಿ ಕಲಿತು ಬಂದರು. ಬಂದ ಮೇಲೆ ನಮಗೆ ಕಲಿಸುವುದೇ ದೊಡ್ಡ ಕೆಲಸವಾಯಿತು. ಆಯುಧಪೂಜೆಗೆ ನಾವೆಲ್ಲ ಸೇರಿ ಯಂತ್ರಕ್ಕೆ ವಿಭೂತಿ ಬಳಿಯಲು ಹೊರಟಾಗ ಅಡ್ಡ ನಿಂತು, "ವಿಭೂತಿ ಹಣಿಗೆ ಹಚ್ರಿ, ಬಾಯಾಗ ಹಾಕಬ್ಯಾಡ್ರಿ" ಎಂದರು. ಹಣೆ ಎಂದರೆ ಮೇಲಿನ ಡಬ್ಬಿ. ಬಾಯಿ ಎಂದರೆ ಫ್ಲಾಪಿ ತೂರಿಸುವ ಕಿಂಡಿ. ಅದು ನಮಗೆ ತಿಳಿಯಿತು. ಆದರೆ ನಮ್ಮ ಟಪಾಲು ಗುಮಾಸ್ತನಿಗೆ ತಿಳಿಯಬೇಕಾದ್ದು ಇನ್ನೂ ಇತ್ತು. ಆಫೀಸಿಗೆ ಬಂದ ವಸ್ತು ಏನೇ ಇರಲಿ, ಅದರ ಮೇಲೆ ಸ್ವೀಕರಿಸಿದ ಮುದ್ರೆ ಬೀಳಲೇಬೇಕೆಂಬುದು ಆತನ ಧರ್ಮ. ಬೆಂಗಳೂರಿನಿಂದ ಬಂದ ಫ್ಲಾಪಿಯನ್ನು ಹೊದಿಕೆಯಿಂದ ಹೊರಗೆಳೆದು, ಮೇಜಿನ ಮೇಲಿಟ್ಟು, ಎಂದಿನ ಭಕ್ತಿಯಿಂದ ಮೂರು ಕಡೆ ದಬದಬ ಮುದ್ರೆ ಒತ್ತಿದ. ಅದು ಮುಂದೆಂದೂ ಓದಿಸಿಕೊಳ್ಳಲಿಲ್ಲ. ಅಕ್ಕೋರು ಬೈಯುತ್ತಾರೆಂದು ನಾವು ಕಾದೆವು. ಅವರು ಮಾತ್ರ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸೀಲ್ ಮಾತ್ರ ಭಾಳ ಛಲೋ ಮೂಡೈತಪ್ಪ" ಎಂದರು. ಮರುದಿನದಿಂದ ಫ್ಲಾಪಿಗಳಿಗೆ ಮರದ ಪೆಟ್ಟಿಗೆ ಬಂತು. ಆ ಪೆಟ್ಟಿಗೆಯ ಮೇಲೆ ಮುದ್ರೆ ಒತ್ತುವ ಅಧಿಕಾರ ಆತನಿಗೇ ಸಿಕ್ಕಿತು. ಆಮೇಲೆ ಆ ಪೆಟ್ಟಿಗೆಯನ್ನು ಆತ ಮನೆದೇವರ ಹಾಗೆ ಕಾಯ್ದ.

ಯಂತ್ರ ಕೈಕೊಟ್ಟಾಗ ಅವರು ಗಾಬರಿಯಾದದ್ದನ್ನು ನಾನು ನೋಡಿಲ್ಲ. ಗಾಬರಿಯಾಗುವ ಕೆಲಸ ನನ್ನದಾಗಿತ್ತು. ಪರದೆ ಕಲ್ಲಿನಂತೆ ನಿಂತುಬಿಟ್ಟರೆ ನಾನು ಓಡಿಹೋಗಿ, "ಅಕ್ಕೋರ, ನಾ ಏನೂ ಮಾಡಿಲ್ರಿ!" ಎನ್ನುತ್ತಿದ್ದೆ. "ಮಾಡಲಾರದ್ದು ಬಿಡು ತಮ್ಮಾ, ಮಾಡಿದ್ದು ಹೇಳು. ಮುಂಜಾನಿ ಚಹಾ ಕುಡದಲ್ಲಿಂದ ಹೇಳು" ಎನ್ನುತ್ತಿದ್ದರು. ಹೇಳುತ್ತ ಹೇಳುತ್ತ ಎಲ್ಲೋ ನಡುವೆ ನಾನೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ಪ್ರಿಂಟರ್ ಮುನಿದು ಕೂತರೆ ನಾನು ವೈರು ಕಿತ್ತು, ರಿಬ್ಬನ್ ಬದಲಿಸಿ, ಕಾಗದ ತಿರುವಿ ಹಾಕಿ, ಎಲ್ಲವನ್ನೂ ಒಟ್ಟಿಗೆ ಮಾಡುವವನು. ಅದು ಅವರಿಗೆ ಸೇರುತ್ತಿರಲಿಲ್ಲ. "ಸಾರಿಗೆ ಉಪ್ಪು, ಹುಳಿ, ಖಾರ ಕೂಡೇ ಸುರದು ರುಚಿ ನೋಡಿದ್ರ ಯಾವುದು ಹೆಚ್ಚಾತು ಅಂತ ಹೆಂಗ ಹೇಳ್ತಿ? ಒಂದು ಹಾಕು, ನೋಡು. ಇನ್ನೊಂದು ಹಾಕು, ನೋಡು." ಈಗಲೂ ನಾನು ಮನೆಯಲ್ಲಿ ಕೆಟ್ಟ ರೇಡಿಯೋ ರಿಪೇರಿ ಮಾಡುವಾಗ ಈ ಮಾತು ನೆನಪಾಗುತ್ತದೆ. ರೇಡಿಯೋ ಸರಿಯಾಗುವುದಿಲ್ಲ, ಆದರೆ ಏನು ಕೆಟ್ಟಿದೆ ಎಂದಾದರೂ ಗೊತ್ತಾಗುತ್ತದೆ.

ಮದುವೆ ಯಾಕೆ ಆಗಲಿಲ್ಲವೆಂದು ಅವರನ್ನು ಒಮ್ಮೆ ಒಬ್ಬ ಗುತ್ತಿಗೆದಾರ ಕೇಳಿದ್ದ. "ನಿಮ್ಮದು ಛಲೋ ನಡದೈತೇನ್ರಿ?" ಎಂದು ಅವರು ತಿರುಗಿ ಕೇಳಿದ ಧಾಟಿಗೆ ಆತ ಬಿಲ್ಲಿನ ಮಾತನ್ನೂ ಮರೆತು ಹೋದ. ಅವರ ಮನೆಯಲ್ಲಿ ಅವರು ಮತ್ತು ಅವರ ತಾಯಿ ಇಬ್ಬರೇ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಧೈರ್ಯವೂ ಬರಲಿಲ್ಲ. ಒಂದು ಮಾತ್ರ ಗೊತ್ತು: ಯೋಚನೆ ಹತ್ತಿದರೆ ಅವರ ಬೆರಳು ಸುಮ್ಮನಿರುತ್ತಿರಲಿಲ್ಲ. ಮೇಜಿರಲಿ, ಚಹಾದ ಬಸಿಯಿರಲಿ, ಬಸ್ಸಿನ ಕಂಬಿಯಿರಲಿ, ಅದರ ಮೇಲೆ ಟಕಟಕ ಟೈಪು ಮಾಡುತ್ತಿದ್ದವು.

ಇನ್ನು ನೀರಿನ ಪಾಳಿಯ ಕತೆ. ಅಕ್ಕೋರು ಎಂದರೆ ನನಗೆ ಅದೇ ಕಣ್ಣಿಗೆ ಕಟ್ಟುತ್ತದೆ.

ಕಾಲುವೆ ನೀರು ಎಲ್ಲರಿಗೂ ಒಮ್ಮೆಲೇ ಸಿಗುವುದಿಲ್ಲ. ಯಾವ ಹೊಲಕ್ಕೆ ಯಾವ ವಾರ, ಎಷ್ಟು ಹೊತ್ತಿಗೆ ನೀರು ಎಂದು ಪಾಳಿ ಗೊತ್ತುಮಾಡಿ ಊರೂರಿಗೆ ಚೀಟಿ ಹಂಚಬೇಕು. ನಮ್ಮ ಕಾಲುವೆಯಲ್ಲಿ ಹಗಲು ಹೊತ್ತು ಮೇಲಿನ ಊರುಗಳ ಪಾಳಿ, ರಾತ್ರಿ ಆ ಊರುಗಳ ತೂಬು ಇಳಿಸಿ ಕೊನೆಯ ಊರಿನ ಪಾಳಿ. ನೀರು ಅಲ್ಲಿಗೆ ಮುಟ್ಟುವಷ್ಟರಲ್ಲಿ ನಡುರಾತ್ರಿ ದಾಟುತ್ತಿತ್ತು. ಚೀಟಿಗಳನ್ನು ವರ್ಷಗಟ್ಟಲೆ ಕೈಯಿಂದ ಬರೆದವನು ನಾನು. ಬೆರಳ ಗೆಣ್ಣು ಬಾತು ಹೋಗುತ್ತಿದ್ದವು. ಅಕ್ಕೋರು ಆ ಕೆಲಸಕ್ಕೆಂದೇ ಪ್ರೋಗ್ರಾಮು ಬರೆಯಲು ಕೂತಾಗ, ನನ್ನ ಕುರ್ಚಿ ಹೋಗುತ್ತದೇನೋ ಎಂಬ ಅಂಜಿಕೆಗಿಂತ, ಬೆರಳು ಉಳಿದವಲ್ಲ ಎಂಬ ಸಂತೋಷವೇ ನನಗೆ ಹೆಚ್ಚಾಯಿತು.

ಸಾಹೇಬರಿಗೆ ಮಾತ್ರ ಎದೆ ಡವಡವ. ಹಿಂದಿನ ವರ್ಷ ಮೇಲಿನ ಊರಿನವರು ಕದ್ದು ನೀರು ಕಟ್ಟಿಕೊಂಡು, ಕೊನೆಯ ಊರಿಗೆ ನೀರು ಮುಟ್ಟದೆ, ಆ ಊರಿನವರು ಗುದ್ದಲಿ ಹಿಡಿದು ತೂಬಿನ ಮೇಲೆ ಕೂತಿದ್ದರು. ತಲೆ ಒಡೆಯುವುದೊಂದು ಬಾಕಿ. "ಅಕ್ಕೋರ, ನಿಮ್ಮ ಮ್ಯಾಲ ನನಗ ನಂಬಿಗಿ ಐತಿ, ಆದ್ರ ಈ ಕಂಪ್ಯೂಟರ್ ಪೆಟಗಿ ಮ್ಯಾಲ ಇಲ್ಲ. ಕೊನೀ ಊರಿಗೆ ಒಂದ ಪಾಳಿ ತಪ್ಪಿದ್ರೂ ಅದನ್ನ ಮುಚ್ಚಿ ವಾಪಸ್ ಕಳಸ್ತೀನಿ, ನೀವು ಮತ್ತ ಟೈಪಿಗೆ ಕೂಡಬೇಕು" ಎಂದರು. ಅಕ್ಕೋರು ಹೂಂ ಎಂದರು. ಎಂದೂ ಇಲ್ಲದೆ ಆ ದಿನ ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ಆ ಯಂತ್ರದ ಮೇಲೆ ಅವರಿಗಿದ್ದ ಜೀವ ಎಷ್ಟೆಂದು ನನಗೆ ಆಗ ಗೊತ್ತಾಯಿತು.

ಪ್ರೋಗ್ರಾಮು ಮುಗಿಯಿತು. ಹರವಿಗೆ ಮೊದಲಿನಿಂದ ಕೊನೆಯವರೆಗೆ ಹೇಳಿದ್ದೂ ಆಯಿತು, ಹರವಿ ಎಲ್ಲೂ ತಕರಾರು ತೆಗೆಯಲಿಲ್ಲ. ನಮ್ಮ ಯಂತ್ರಕ್ಕೆ ಆಗ ಕನ್ನಡ ಬರುತ್ತಿರಲಿಲ್ಲ. ಚೀಟಿಗಳು ಇಂಗ್ಲಿಷ್ ಅಕ್ಷರದಲ್ಲಿ ಗರಗರ ಅಚ್ಚಾಗಿ ಬಂದವು. ಶನಿವಾರ ಗ್ಯಾಂಗ್‌ಮನ್ ಬಂದು ಎಲ್ಲ ಊರಿನ ಕಟ್ಟುಗಳನ್ನೂ ಒಯ್ದ. ಕಾಲುವೆ ಕಾಯ್ದು ತೂಬು ಏರಿಸಿ ಇಳಿಸುವವನು ಅವನೇ. ಸೋಮವಾರ ಬೆಳಿಗ್ಗೆ ಪಾಳಿ ಶುರುವಾಯಿತು. ಮೇಲಿನ ಊರುಗಳಿಂದ ಒಂದು ತಕರಾರೂ ಬರಲಿಲ್ಲ. ಸಾಹೇಬರು ಎರಡನೇ ಸಲ ಚಹಾ ತರಿಸಿದರು.

ಚಹಾ ಬಂದರೆ ನನಗೆ ಮಾತು ಬರುತ್ತದೆ. ಆ ವಾರಾಂತ್ಯ ನಮ್ಮ ಅತ್ತೆಯವರು ಮಾಡಿದ ಘನಕಾರ್ಯವನ್ನು ಹೇಳತೊಡಗಿದೆ. ಅತ್ತೆ ಯಲಬುರ್ಗಾದವರು. ಗುಂತಕಲ್ಲಿನ ಮಗಳ ಮನೆಗೆ ಹೋಗಲು ಕೊಪ್ಪಳದಿಂದ ರೈಲು. ಚೀಟಿಯಲ್ಲಿ ಶನಿವಾರದ ತಾರೀಖು, ರಾತ್ರಿ ಹನ್ನೆರಡೂಕಾಲು ಗಂಟೆ. ಅತ್ತೆ ಶನಿವಾರ ಸಂಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು, ನಮ್ಮ ಮಾವನನ್ನೂ ಕಟ್ಟಿಕೊಂಡು ಸ್ಟೇಷನ್ನಿಗೆ ಬಂದಿದ್ದಾರೆ. ಸ್ಟೇಷನ್ ಮಾಸ್ತರರು ಚೀಟಿ ನೋಡಿ, "ಅಜ್ಜೀ, ನಿಮ್ಮ ಗಾಡಿ ನಿನ್ನೆ ರಾತ್ರೇನ ಹೋತು" ಎಂದರಂತೆ. ಅತ್ತೆ ಬಿಡುತ್ತಾರೆಯೇ? ನಾನು ಅವರದೇ ದನಿ ತೆಗೆದು ಹೇಳಿದೆ: "ನಿನ್ನೆ ಶುಕ್ರವಾರರಿ! ನನ್ನ ಚೀಟಿ ಶನಿವಾರದ್ದು. ಶನಿವಾರದ ಗಾಡಿ ಶುಕ್ರವಾರ ರಾತ್ರಿ ಹೆಂಗ ಹೋಗತೈತ್ರಿ? ಇನ್ನೂ ಸೂರ್ಯಾನ ಹುಟ್ಟಿರಂಗಿಲ್ಲ!"

ಸಾಹೇಬರು ಚಹಾ ಚೆಲ್ಲಿಕೊಂಡು ನಕ್ಕರು. ಟಪಾಲು ಗುಮಾಸ್ತ ಮೇಜು ಗುದ್ದಿ ನಕ್ಕ. ಅಕ್ಕೋರೂ ನಗುತ್ತಿದ್ದರು, ನಡುವೆಯೇ ಅವರ ನಗು ನಿಂತಿತು. ಬಸಿಯ ಮೇಲಿದ್ದ ಬೆರಳುಗಳೂ ನಿಂತವು.

"ತಮ್ಮಾ, ನಿಮ್ಮ ಅತ್ತಿ ಏನಂದ್ರು, ಇನ್ನೊಮ್ಮೆ ಹೇಳು."

"ಇನ್ನೂ ಸೂರ್ಯಾನ ಹುಟ್ಟಿರಂಗಿಲ್ಲ ಅಂದ್ರರಿ."

ಅವರು ಎದ್ದು ಒಳಗೆ ಹೋಗಿ ಕೊನೆಯ ಊರಿನ ಚೀಟಿಗಳ ಇನ್ನೊಂದು ಪ್ರತಿ ತಂದು ನನ್ನ ಮುಂದೆ ಹಿಡಿದರು. "ಇವತ್ತ ನಡುರಾತ್ರಿ ದಾಟಿದ ಮ್ಯಾಲ ಒಂದೂವರಿಗೆ ಕೊನೀ ಊರಾಗ ಮೊದಲ್ನೇ ಪಾಳಿ. ನೀ ಕೈಲೆ ಬರಿಯೂ ಮುಂದ ಇದಕ್ಕ ಏನ ಬರೀತಿದ್ದಿ?"

"ಸೋಮವಾರ ರಾತ್ರಿ ಒಂದೂವರಿ ಅಂತ."

"ಇದರಾಗ ಏನೈತಿ ಓದು."

ಓದಿದೆ. ಮಂಗಳವಾರ ರಾತ್ರಿ ಒಂದೂವರೆ ಎಂದಿತ್ತು. ನನ್ನ ಬಾಯಲ್ಲಿದ್ದ ಚಹಾ ಅಲ್ಲೇ ಉಳಿಯಿತು.

ಯಂತ್ರದ ತಪ್ಪೇನೂ ಇರಲಿಲ್ಲ. ಅದಕ್ಕೆ ರಾತ್ರಿ ಹನ್ನೆರಡು ಹೊಡೆದರೆ ವಾರ ಬದಲು. ಆದರೆ ನಮ್ಮ ಊರುಗಳಲ್ಲಿ ವಾರ ಬದಲಾಗುವುದು ಹೊತ್ತು ಹುಟ್ಟಿದ ಮೇಲೆ. ಸೋಮವಾರ ಉಂಡು ಮಲಗಿ ನಡುವೆ ಎಷ್ಟು ಗಂಟೆಗೆ ಎದ್ದರೂ ಅದು ಸೋಮವಾರ ರಾತ್ರಿಯೇ. ಮಂಗಳವಾರ ರಾತ್ರಿ ಒಂದೂವರೆ ಎಂದು ಓದಿಸಿಕೊಂಡವರು ಮಂಗಳವಾರ ಉಂಡು, ಗುದ್ದಲಿ ಹೆಗಲಿಗಿಟ್ಟು ಹೋಗುತ್ತಾರೆ. ಅಷ್ಟರಲ್ಲಿ ಅವರ ನೀರು ಹಿಂದಿನ ರಾತ್ರಿಯೇ ಹರಿದು ಹಳ್ಳ ಸೇರಿರುತ್ತದೆ. ನಾಟಿ ಹಚ್ಚಿದ ಹೊಸ ಸಸಿಗಳು ಮುಂದಿನ ಪಾಳಿಯವರೆಗೆ ಒಣಗಿ ನಿಲ್ಲಬೇಕು. ಇಷ್ಟು ವರ್ಷ ನಾನು ಕೈಯಿಂದ ಬರೆಯುವಾಗ ಸೋಮವಾರ ರಾತ್ರಿ ಎಂದೇ ಬರೆದಿದ್ದೆ, ಹಾಗೆ ಬರೆಯುತ್ತಿದ್ದೇನೆಂಬುದೇ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅಕ್ಕೋರಿಗೆ ಹೇಗೆ ಹೇಳಲಿ?

ಸಾಹೇಬರ ಮುಖ ಸುಣ್ಣವಾಯಿತು. ಫೋನ್ ತಿರುಗಿಸಿದರು, ಕಾಲುವೆಯ ಕೊನೆಯಲ್ಲಿ ಎತ್ತುವವರಿಲ್ಲ. ಜೀಪು ಮುನಿರಾಬಾದಿಗೆ ಹೋಗಿತ್ತು. ನಾನು ಕಂಪ್ಯೂಟರಿನ ಕಡೆ ಕೈ ತೋರಿಸಿ, "ಮೊದಲ ಪ್ರೋಗ್ರಾಮು ಸರಿ ಮಾಡೂಣ್ರಿ" ಎಂದೆ. ಅಕ್ಕೋರು ಆಗಲೇ ಸೆರಗು ಸಿಕ್ಕಿಸಿಕೊಂಡಿದ್ದರು. "ಮೊದಲ ಊರು, ಆಮ್ಯಾಲ ಪೆಟಗಿ. ಸ್ಕೂಟರ್ ತಗಿ."

ಆ ದಾರಿ ನಾನು ಮರೆಯುವುದಿಲ್ಲ. ಕಾಲುವೆಯ ಏರಿಯ ಮೇಲೆ, ಎರಡೂ ಕಡೆ ನೀರು ತುಂಬಿದ ಗದ್ದೆ, ತಲೆಯ ಮೇಲೆ ಬಿಸಿಲು. ನನ್ನ ಹಿಂದೆ ಅಕ್ಕೋರು ಸ್ಟೆಪ್ನಿ ಚಕ್ರ ಹಿಡಿದು ಕೂತಿದ್ದರು. ಅವರ ಬೆರಳು ಆ ಚಕ್ರದ ಮುಚ್ಚಳದ ಮೇಲೆ ದಾರಿಯುದ್ದಕ್ಕೂ ಟಕಟಕ ಎನ್ನುತ್ತಿದ್ದವು. ಸಮಾಧಾನಕ್ಕೆಂದು ನಾನು, "ಹರವಿ ಆದ್ರೂ ಒಂದ ಮಾತು ಹೇಳಬೇಕಿತ್ತು ನೋಡ್ರಿ" ಎಂದೆ. ನಗಲಿಲ್ಲ. ಹಿಂದಿನಿಂದ ದನಿ ಬಂತು. "ಹರವಿಗೆ ಎಲ್ಲಾ ಹೇಳಿದ್ನಿ ತಮ್ಮಾ. ಹೊಲಕ್ಕ ನೀರು ಹಾಸೂವರಿಗೆ ಒಂದ ಮಾತು ಕೇಳಲಿಲ್ಲ." ಆ ದನಿಯಲ್ಲಿ ಅಳು ಇತ್ತೆಂದು ನನಗೆ ಅನಿಸಿತು, ಹಿಂತಿರುಗಿ ನೋಡುವ ಹಾಗಿರಲಿಲ್ಲ.

ಕೊನೆಯ ಊರಿಗೆ ಇನ್ನೊಂದು ತೂಬು ಇದೆ ಎನ್ನುವಾಗ ಗ್ಯಾಂಗ್‌ಮನ್ ಸಿಕ್ಕ. ಜಾಲಿಮರದ ನೆರಳಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ನಮ್ಮನ್ನು ಕಂಡು ಕೈ ತೊಳೆಯಲು ಎದ್ದ. ಅಕ್ಕೋರು ಸ್ಕೂಟರ್ ನಿಲ್ಲುವ ಮೊದಲೇ ಇಳಿದು ಕೇಳಿದರು.

"ಕೊನೀ ಊರಿನ ಚೀಟಿ ಹಂಚಿದೇನಪ್ಪಾ?"

ಆತ ತಲೆ ಕೆರೆದುಕೊಂಡ. ಕೈ ಮುಗಿದ. "ತಪ್ಪಾತ್ರಿ ಅಕ್ಕೋರ. ಶನಿವಾರ ಮ್ಯಾಲಿನ ಊರಿಗೆಲ್ಲಾ ಮುಟ್ಟಿಸೀನ್ರಿ. ನಿನ್ನೆ ಇಲ್ಲಿಗೆ ಬರಬೇಕಿತ್ತು ಖರೇ. ಆದ್ರ ನಿನ್ನೆ ಅಮಾಸಿ ಐತಲ್ರಿ. ಅಮಾಸಿ ದಿನ ಹೊಲದ ಕೆಲಸಕ್ಕ ಯಾರೂ ಕೈ ಹಚ್ಚಂಗಿಲ್ಲ, ನೀರಿನ ಚೀಟಿ ಹೆಂಗ ಕೊಡೂದು? ಇವತ್ತ ಸಂಜೀ ಮುಂದ ಕೊಟ್ರಾತು ಅಂತ..." ಎನ್ನುತ್ತ ಸೈಕಲ್ಲಿನ ಚೀಲದಿಂದ ಕಟ್ಟು ತೆಗೆದ. ದಾರ ಬಿಚ್ಚಿರಲಿಲ್ಲ.

ಅಕ್ಕೋರು ಆ ಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಏರಿಯ ಮೇಲೆ ಕುಸಿದು ಕೂತರು. ಬಯ್ಯುತ್ತಾರೆಂದು ಗ್ಯಾಂಗ್‌ಮನ್ ತಲೆ ತಗ್ಗಿಸಿ ನಿಂತಿದ್ದ. ಅವರು ನಗಲು ಶುರುಮಾಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕರು. "ನಿನ್ನ ಅಮಾಸಿಗೆ ಪುಣ್ಯಾ ಬರಲೆಪ್ಪಾ! ಉಣ್ಣು, ಉಣ್ಣು. ಕುಂತು ಉಣ್ಣು." ಆತನಿಗೆ ಏನೂ ತಿಳಿಯಲಿಲ್ಲ, ಆದರೆ ಬೈಗುಳ ತಪ್ಪಿತೆಂದು ಒಂದು ರೊಟ್ಟಿ ನಮಗೂ ಮುರಿದು ಕೊಟ್ಟ. ನನಗಂತೂ ಎದೆಯ ಮೇಲಿನ ಬಂಡೆ ಇಳಿದ ಹಾಗಾಗಿತ್ತು. ಆ ರೊಟ್ಟಿಯ ರುಚಿ ಇನ್ನೂ ನಾಲಿಗೆಯ ಮೇಲಿದೆ ಎಂದರೆ ನನ್ನ ಹೆಂಡತಿ ಸಿಟ್ಟಾಗುತ್ತಾಳೆ.

ಅಲ್ಲಿಂದ ಎದ್ದು ಊರಿಗೆ ಹೋದೆವು. ಆ ರಾತ್ರಿ ಒಂದೂವರೆಯ ಪಾಳಿ ಒಬ್ಬ ಹೆಣ್ಣುಮಗಳದು. ಗಂಡ ತೀರಿದ ಮೇಲೆ ತಾನೇ ಗುದ್ದಲಿ ಹಿಡಿದು ನೀರು ಹಾಸುವವಳು. ಅಂಗಳದಲ್ಲಿ ಕೂತು ಬುಟ್ಟಿಗೆ ಸಗಣಿ ಸಾರಿಸುತ್ತಿದ್ದಳು. ನಾನು ತಿದ್ದುವುದಕ್ಕೆ ಪೆನ್ನು ತೆಗೆದೆ. ಅಕ್ಕೋರು ನನ್ನ ಕೈ ತಡೆದು, ತಿದ್ದದ ಚೀಟಿಯನ್ನೇ ಅವಳಿಗೆ ಓದಿ ಹೇಳಿದರು.

"ಯವ್ವಾ, ನಿನ್ನ ನೀರು ಮಂಗಳವಾರ ರಾತ್ರಿ ಒಂದೂವರಿಗೆ ಅಂತ ಇದರಾಗ ಐತಿ. ನೀ ಯಾವಾಗ ಹೊಲಕ್ಕ ಹೋಗ್ತಿ?"

"ನಾಳೆ ಉಂಡು ಹೋಗ್ತೀನ್ರಿ, ಮತ್ತ್ಯಾವಾಗ?"

"ನೀರು ಇವತ್ತ ರಾತ್ರಿ ಬಂದ್ರ?"

ಅವಳು ಸಗಣಿಯ ಕೈ ಹಾಗೇ ಮೇಲೆತ್ತಿ ಅಕ್ಕೋರ ಮುಖ ನೋಡಿದಳು. "ಇವತ್ತ ಬಂದ್ರ ಸೋಮವಾರ ಅಂತ ಬರೀಬೇಕ್ರಿ. ಸಸಿ ಹಚ್ಚಿ ಕುಂತೀನಿ, ಒಣಗಿದ್ರ ಯಾರನ್ನ ಕೇಳಲಿ?"

"ಅದನ್ನ ಕೇಳಾಕ ಬಂದೀನಿ ಯವ್ವಾ. ನನ್ನ ಕೈತಪ್ಪು ಅದು. ಇವತ್ತ ಉಂಡು ಹೋಗು, ನಿನ್ನ ನೀರು ಇವತ್ತ ಬರತೈತಿ."

ಅಕ್ಕೋರು ಆ ಚೀಟಿಯ ಮೇಲೆ ಪೆನ್ನಿನಿಂದ ಕನ್ನಡದಲ್ಲಿ ಸೋಮವಾರ ರಾತ್ರಿ ಎಂದು ಬರೆದರು. ಆಮೇಲೆ ನಾವು ಮೂವರೂ, ಅಂದರೆ ಗ್ಯಾಂಗ್‌ಮನ್ ಸಹಿತ, ಮನೆಮನೆಗೆ ಹೋಗಿ ಎಲ್ಲ ಚೀಟಿಗಳನ್ನೂ ಹಾಗೇ ತಿದ್ದಿ ಕೊಟ್ಟೆವು. ಹೊರಡುವಾಗ ಆ ಹೆಣ್ಣುಮಗಳು ಮಜ್ಜಿಗೆ ತಂದುಕೊಟ್ಟು, "ಕೊನೀ ಊರಿಗೆ ನೀರ ಮುಟ್ಟಂಗಿಲ್ರಿ, ಆಫೀಸಿನವರು ಮುಟ್ಟೀರಂದ್ರ ನೀರೂ ಮುಟ್ಟತೈತಿ ಬಿಡ್ರಿ" ಎಂದಳು. ಅಕ್ಕೋರು ಗಟಗಟ ಕುಡಿದು ಇನ್ನೊಂದು ಚರಿಗೆ ಕೇಳಿದರು.

ಮರುದಿನ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಅವರು ಫೋನಿನ ಪಕ್ಕದಲ್ಲಿ ಕೂತಿದ್ದರು. ಗಂಟೆ ಹೊಡೆಯಿತು. ಗ್ಯಾಂಗ್‌ಮನ್ನನ ದನಿ ನನಗೂ ಕೇಳಿಸುವಷ್ಟು ದೊಡ್ಡದಿತ್ತು. "ಕೊನೀ ಊರಿಗೆ ನೀರು ಮುಟ್ಟೈತ್ರಿ ಅಕ್ಕೋರ! ಆ ಯವ್ವ ನೀರು ಹಾಸಿಕೊಂಡು ಮನಿಗೆ ಹೋಗ್ಯಾಳ." ಅಕ್ಕೋರು ಫೋನ್ ಇಟ್ಟು ನೇರವಾಗಿ ಸಾಹೇಬರ ಕೋಣೆಗೆ ಹೋದರು. "ಸಾಹೇಬ್ರ, ಪಾಳಿ ತಪ್ಪಿಲ್ಲ. ಆದ್ರ ನನ್ನ ಪ್ರೋಗ್ರಾಮು ತಪ್ಪೈತಿ. ಪೆಟಗಿ ಮುಚ್ಚೂದಿದ್ರ ಮುಚ್ಚರಿ" ಎಂದರು. ಸಾಹೇಬರು ಇಡೀ ರಾತ್ರಿ ನಿದ್ದೆ ಮಾಡಿದಂತೆ ಕಾಣಲಿಲ್ಲ. ಅಕ್ಕೋರನ್ನೇ ನೋಡುತ್ತ, "ನೀರು ಮುಟ್ಟೈತಿ ಅಲ್ಲ? ಹಂಗಾದ್ರ ಹೋಗಿ ಮೊದಲ ಅದನ್ನ ಸರಿ ಮಾಡ್ರಿ, ನನ್ನ ತಲಿ ತಿನ್ನಬ್ಯಾಡ್ರಿ" ಎಂದರು. ಅಕ್ಕೋರು ಹೊರಗೆ ಬಂದು, ಅಷ್ಟು ವರ್ಷಗಳಲ್ಲಿ ಮೊದಲ ಸಲ, ನನ್ನ ಬೆನ್ನು ತಟ್ಟಿದರು. ಹರವಿಯ ಮುಚ್ಚಳ ತಟ್ಟಿದ ಹಾಗೇ ಇತ್ತು ಅದು.

ಸರಿಮಾಡಿದ್ದು ಬಹಳ ಸಣ್ಣದು. ವಾರದ ಹೆಸರು ಕೇಳುವ ಮೊದಲು ಗಡಿಯಾರದಿಂದ ಆರು ತಾಸು ಕಳೆಯಬೇಕು, ಅಷ್ಟೇ. ರಾತ್ರಿ ಒಂದೂವರೆ ಆಗ ಹಿಂದಿನ ದಿನಕ್ಕೇ ಸೇರಿಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರದಲ್ಲೇ ಆದರೂ, ಸೋಮವಾರ ರಾತ್ರಿ ಎಂದು ಕನ್ನಡದ ಮಾತೇ ಅಚ್ಚಾಗಿ ಬರತೊಡಗಿತು. ದೊಡ್ಡ ಬದಲಾವಣೆಯಾದದ್ದು ಅವರ ರೂಢಿಯಲ್ಲಿ. ಹರವಿಗೆ ಹೇಳುವುದನ್ನು ಬಿಡಲಿಲ್ಲ. ಆದರೆ ಅದಾದ ಮೇಲೆ, ಕಾಗದ ಯಾರ ಕೈಗೆ ಹೋಗಬೇಕೋ ಅವರಲ್ಲಿ ಒಬ್ಬರನ್ನು ಕರೆಸಿ ಓದಿಸಿ, "ಇದನ್ನ ಓದಿ ನೀವು ಏನ ಮಾಡ್ತೀರಿ?" ಎಂದು ಕೇಳದೆ ಯಾವುದನ್ನೂ ಹೊರಗೆ ಬಿಡುತ್ತಿರಲಿಲ್ಲ. ತಿಳೀತೇನ್ರಿ ಎಂದು ಮಾತ್ರ ಎಂದೂ ಕೇಳುತ್ತಿರಲಿಲ್ಲ. "ತಿಳೀತೇನ್ರಿ ಅಂದ್ರ ಎಲ್ಲಾರೂ ಹೂಂ ಅಂತಾರ ತಮ್ಮಾ. ಹರವಿನೂ ಹೂಂ ಅಂತಿತ್ತು" ಎನ್ನುತ್ತಿದ್ದರು. ಬಂದವರಿಗೆಲ್ಲ ಚಹಾ ಆಗುತ್ತಿತ್ತು. ಆ ಹೆಣ್ಣುಮಗಳು ಬಂದಾಗ ಮಾತ್ರ ಮಜ್ಜಿಗೆ.

ಅಕ್ಕೋರ ನಿವೃತ್ತಿ ಒಂದು ತಿಂಗಳ ಕೊನೆಯ ದಿನ ಬಂತು. ಸಂಜೆ ಹಾರ, ಶಾಲು, ಮಿರ್ಚಿ ಭಜಿ. ಸಾಹೇಬರು ಮಾತಾಡಲು ಎದ್ದು, ಎಲ್ಲರೂ ಭಜಿ ತಿನ್ನಿರಿ ಎಂದು ಕೂತುಬಿಟ್ಟರು. ಅಕ್ಕೋರು ಎಲ್ಲರಿಗೂ ಕೈ ಮುಗಿದರು. ಆದರೆ ಕಂಪ್ಯೂಟರ್ ಕೋಣೆಯ ಕೀಲಿಕೈ ಕೊಡಲಿಲ್ಲ. ನಾನು ಕೇಳಲಿಲ್ಲ, ಮರೆತಿರಬೇಕು ಎಂದುಕೊಂಡೆ. ಅಂದು ಹೊಸ ಪಾಳಿ ಶುರುವಾಗಿತ್ತು, ಅವರು ಅಚ್ಚು ಹಾಕಿಸಿದ ಕೊನೆಯ ಚೀಟಿಗಳು ಊರುಗಳಿಗೆ ಹೋಗಿದ್ದವು. ಅದು ನನ್ನ ತಲೆಯಲ್ಲಿರಲಿಲ್ಲ.

ಮರುದಿನ ಹೊತ್ತು ಹುಟ್ಟುವ ಮುಂಚೆಯೇ ಆ ಪಾಳಿ ನೆನಪಾಗಿ ಆಫೀಸಿಗೆ ಹೋದೆ. ಅಂದಿನಿಂದ ಆ ಕೋಣೆ ನನ್ನದು, ಅದರ ಅಂಜಿಕೆಯೂ ಇತ್ತು. ಬಾಗಿಲು ತೆರೆದಿತ್ತು. ಅಕ್ಕೋರು ಹರವಿಗೆ ಹೊಸ ನೀರು ತುಂಬಿಸಿಟ್ಟು, ಫೋನಿನ ಮುಂದೆ ಕೂತಿದ್ದರು. ಬೆರಳು ಮೇಜಿನ ಮೇಲೆ ಟಕಟಕ ಎನ್ನುತ್ತಿದ್ದವು.

"ಅಕ್ಕೋರ, ನಿನ್ನೆ ರಿಟೈರ್ ಆದ್ರಲ್ರಿ ನೀವು?"

"ಅದು ಸರ್ಕಾರದ ಲೆಕ್ಕ ತಮ್ಮಾ. ನಮ್ಮ ಲೆಕ್ಕದಾಗ ಹೊತ್ತು ಹುಟ್ಟೂತನಕ ನಂದ ದಿನ. ಕುಂಡ್ರು."

ಕೂತೆ. ಕಿಟಕಿಯಲ್ಲಿ ಬೆಳಕು ಹರಿದು, ಹರವಿಯ ಹೊಟ್ಟೆಯ ಮೇಲೆ ಬಿಸಿಲು ಬೀಳುವ ಹೊತ್ತಿಗೆ ಫೋನ್ ಹೊಡೆಯಿತು. ಅವರು ಎತ್ತಲಿಲ್ಲ, ನನ್ನ ಕಡೆ ಸರಿಸಿದರು. ಎತ್ತಿದೆ. ಗ್ಯಾಂಗ್‌ಮನ್ ಕೂಗುತ್ತಿದ್ದ. ನಾನು ಫೋನ್ ಕೆಳಗಿಟ್ಟು, ಅವನ ಮಾತನ್ನೇ ಅವರಿಗೆ ಹೇಳಿದೆ.

"ಕೊನೀ ಊರಿಗೆ ನೀರು ಮುಟ್ಟೈತ್ರಿ ಅಕ್ಕೋರ."

ಟಕಟಕ ನಿಂತಿತು. ಅಕ್ಕೋರು ಸೊಂಟದಿಂದ ಕೀಲಿಕೈ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, ಹರವಿಯ ಮುಚ್ಚಳವನ್ನು ಒಮ್ಮೆ ತಟ್ಟಿ, ಚಪ್ಪಲಿ ಮೆಟ್ಟಿಕೊಂಡು ಹೊರಗಿನ ಬಿಸಿಲಿಗೆ ನಡೆದರು.